ಕಾಂಕ್ರೀಟಿನಲ್ಲೊಂದು ಮರದ ಗಂಟು

ಬಾಗಿಲು ಕಿಟಕಿ ಮಾಡುತ್ತ ಮೂವತ್ತು ವರ್ಷ ಸವೆಸಿದ ಬಡಗಿಮಾವನಿಗೆ ಕೊನೆಗೆ ಸಿಕ್ಕಿದ್ದು ಕಾಂಕ್ರೀಟ್ ಗೋಡೆಯನ್ನು ಮರದಂತೆ ಕಾಣಿಸುವ ಕೆಲಸ. ಅಚ್ಚಿನ ಒಳಮೈಗೆ ಹಲಗೆಯ ಗೆರೆಗಳಿರುವ ರಬ್ಬರ್ ಹಾಳೆ ಕೂರಿಸಿ, ಅಂಟಿಕೊಳ್ಳದಂತೆ ಎಣ್ಣೆ ಸವರಿ, ಸುರಿದ ಕಾಂಕ್ರೀಟ್ ಗಟ್ಟಿಯಾದ ಮೇಲೆ ಹಾಳೆಯನ್ನು ಸುಲಿಯಬೇಕು. ಎಲ್ಲ ಹಾಳೆಯಲ್ಲೂ ಒಂದೇ ಮರದ ಗಂಟು, ಒಂದೇ ಜಾಗದಲ್ಲಿ. "ಒಂದೇ ಮರ ನೂರು ಸಲ ಹುಟ್ಟಿದ ಹಾಗಿದೆ" ಎಂದು ಮೊದಮೊದಲು ನಗುತ್ತಿದ್ದ. ಆಮೇಲೆ ನಗುವುದಕ್ಕೂ ಬೇಸರವಾಯಿತು.

ಆಸ್ಪತ್ರೆಯೊಂದರ ಗೋಡೆ ಎಬ್ಬಿಸುವಾಗ, ದಣಿವಿನಲ್ಲಿ ಒಂದು ಕಡೆ ಎಣ್ಣೆ ಸವರಲು ಮರೆತ. ಹಾಳೆ ಎಳೆದಾಗ ಗಂಟಿದ್ದ ಜಾಗದಲ್ಲಿ ಅಂಗೈ ಅಗಲದ ಕಾಂಕ್ರೀಟ್ ಕಿತ್ತು ಬಂತು.

"ಸಿಮೆಂಟ್ ಮೆತ್ತಿಬಿಡಿ ಮಾವ, ಯಾರು ನೋಡ್ತಾರೆ" ಎಂದ ಎಂಜಿನಿಯರ್.

ಮಾವ ಮೆತ್ತಿದ. ಅದು ಬಿಗಿಯುವ ಮೊದಲೇ ಹಳೆಯ ಉಳಿ ತಂದು, ಸೊಂಟ ಹಿಡಿದುಕೊಂಡು ಗೆರೆ ಕೊರೆಯಲು ಕೂತ. ಗಂಟನ್ನು ಮಾತ್ರ ಹಾಳೆಯಲ್ಲಿದ್ದಂತೆ ಮಾಡಲಿಲ್ಲ. ಸ್ವಲ್ಪ ಓರೆಯಾಗಿ, ನಡುವೆ ಸೀಳು ಬಿಟ್ಟು ಕೆತ್ತಿದ.

"ಇದೊಂದು ಬೇರೆ ಥರ ಇದೆಯಲ್ಲ?"

"ಮರ ಅಂದ್ಮೇಲೆ ಇರುತ್ತಪ್ಪ."

ಎಂಜಿನಿಯರಿಗೂ ವಾದಿಸುವ ತ್ರಾಣ ಉಳಿದಿರಲಿಲ್ಲ.

ಆಸ್ಪತ್ರೆ ತೆರೆದ ಮೇಲೆ, ಮಂಡಿನೋವು ತೋರಿಸಲು ಮಾವ ಹೆಂಡತಿಯ ಜೊತೆ ಅಲ್ಲಿಗೇ ಹೋದ. ಸಾಲು ಉದ್ದವಿತ್ತು. ಅವಳು ಗೋಡೆಯ ಮೇಲೆ ಕೈಯಾಡಿಸುತ್ತ ಹೋಗಿ ಒಂದೆಡೆ ನಿಂತಳು.

"ಇದು ನಿಮ್ಮ ಕೆಲಸ."

"ಹೇಗೆ ಗೊತ್ತಾಯ್ತು?"

"ನಮ್ಮನೆ ಬಾಗಿಲಲ್ಲೂ ಗಂಟು ಹಿಂಗೇ ಸೀಳಿದೆ. ಮುಚ್ಚಿ ಅಂತ ಎಷ್ಟು ವರ್ಷದಿಂದ ಹೇಳ್ತಿದ್ದೀನಿ."

ಬೆಂಚಿನಲ್ಲಿ ಜಾಗ ಸಿಕ್ಕಿತು, ಇಬ್ಬರೂ ಕೂತರು.