ಕಂಪ್ಯೂಟರಿಗೆ ಬೇಕಾದ ತೋಳು

ಶಿಡ್ಲಘಟ್ಟದ ಮುನಿಗಂಗಮ್ಮ ರೇಷ್ಮೆ ಚರಕ ತಿರುಗಿಸುತ್ತಿದ್ದಳು. ಬಿಸಿನೀರಿನಲ್ಲಿ ಬೆಂದ ಗೂಡಿನಿಂದ ಎಳೆ ಹಿಡಿಯುವವರು ಬೇರೆ. ಇವಳದು ಬೆಳಗಿನಿಂದ ಸಂಜೆಯವರೆಗೆ ಚಕ್ರದ ಹಿಡಿಕೆ ತಿರುಗಿಸುವ ಕೆಲಸ, ಅಷ್ಟೆ. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಬಲಭುಜ ಸದಾ ನೋಯುತ್ತಿತ್ತು. ಹೇಳಿಕೊಳ್ಳೋಣವೆಂದರೆ ಮನೆಯಲ್ಲಿ ಗೋಡೆ ಬಿಟ್ಟರೆ ಯಾರೂ ಇರಲಿಲ್ಲ.

ತೊಂಬತ್ತಮೂರರಲ್ಲಿ ಬೆಂಗಳೂರಿನಿಂದ ಚಲಪತಿ ಎಂಬ ಸಂಶೋಧಕ ಬಂದ. ದುಡಿಯುವವರ ಸ್ನಾಯು ಎಷ್ಟು ಭಾರಕ್ಕೆ ಎಷ್ಟು ಬಿಗಿಯುತ್ತದೆ, ಯಾವಾಗ ಸೋಲುತ್ತದೆ ಎಂದು ಅಳೆದು, ಕಂಪ್ಯೂಟರಿನಲ್ಲಿ ಅಂಥದೇ ಒಂದು ತೋಳನ್ನು ಲೆಕ್ಕದಿಂದ ಕಟ್ಟುವುದು ಅವನ ಕೆಲಸ. ಆ ತೋಳನ್ನು ಎಷ್ಟು ದುಡಿಸಿದರೂ ನೋವಿಲ್ಲ. ಪುಣ್ಯ ಮಾಡಿದ ತೋಳು! ಅವನು ಮುನಿಗಂಗಮ್ಮನ ಭುಜವನ್ನು ಬೆರಳಿನಿಂದ ಒತ್ತುತ್ತಾ, "ಇಲ್ಲಿ ನೋಯುತ್ತಾ ಅಮ್ಮ? ಇಲ್ಲಿ?" ಎಂದು ಕೇಳಿದ. ಅವನು ಒತ್ತಿದಲ್ಲೆಲ್ಲ ಅವಳು ಹೂಂ ಎಂದಳು. "ಸೋಮವಾರ ಬರ್ತೀನಿ, ನಿಮ್ಮ ತೋಳಿಗೇ ತಂತಿ ಅಂಟಿಸಿ ಅಳೀತೀನಿ" ಎಂದು ಹೇಳಿ ಹೋದ.

ಅವತ್ತಿನಿಂದ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. "ನನ್ ತೋಳೇ ಬೇಕಂತೆ ಕಣೇ" ಎಂದು ಜೊತೆಯಲ್ಲಿ ಚರಕ ತಿರುಗಿಸುವ ಅಶ್ವತ್ಥಮ್ಮನಿಗೆ ಹೇಳಿದ್ದೇ ಹೇಳಿದ್ದು. ಸೋಮವಾರ ಬೆಳಗಾಗುತ್ತಲೇ ಮೈಗೆಲ್ಲ ಹರಳೆಣ್ಣೆ ತಿಕ್ಕಿ, ಬಿಸಿನೀರು ಸುರಿದುಕೊಂಡು, ಎತ್ತಿಟ್ಟಿದ್ದ ಸೀರೆ ಉಟ್ಟು ಬಂದಳು. ದೊಡ್ಡ ದಿನ ಎಣ್ಣೆನೀರು ಹಾಕಿಕೊಳ್ಳದೆ ಹೊರಡುವವರುಂಟೆ ನಮ್ಮ ಕಡೆ?

ತಂತಿ ಕಟ್ಟಿದ ಬಿಲ್ಲೆಗಳು ಅವಳ ತೋಳಿಗೆ ಅಂಟಲೇ ಇಲ್ಲ. ಚಲಪತಿ ಸ್ಪಿರಿಟ್ಟಿನಲ್ಲಿ ಒರೆಸಿ ಒರೆಸಿ ಸೋತ. ಅಳೆಯುವ ಪೆಟ್ಟಿಗೆಯಲ್ಲಿ ಗೆರೆಗಳು ಹುಚ್ಚಾಪಟ್ಟೆ ಕುಣಿದವು. ಕೊನೆಗೆ ಕೆಲಸದ ಸೀರೆಯಲ್ಲೇ ಇದ್ದ ಅಶ್ವತ್ಥಮ್ಮನನ್ನು ಕೂರಿಸಿದ. ಮುನಿಗಂಗಮ್ಮ ಮನೆಗೆ ಓಡಿ, ಸೀಗೆಪುಡಿ ಹಾಕಿ ಚರ್ಮ ಕೆಂಪಾಗುವಂತೆ ಉಜ್ಜಿಕೊಂಡು ಬರುವಷ್ಟರಲ್ಲಿ ಅವನು ತಂತಿ ಸುತ್ತಿಡುತ್ತಿದ್ದ.

"ಈಗ ಅಂಟುತ್ತೆ ನೋಡಪ್ಪ" ಎಂದು ತೋಳು ಚಾಚಿದಳು.

"ಬಸ್ಸಿಗೆ ಹೊತ್ತಾಯ್ತಮ್ಮ. ಇಬ್ಬರದೂ ಒಂದೇ ಕೆಲಸ, ಹೆಚ್ಚುಕಮ್ಮಿ ಒಂದೇ ವಯಸ್ಸು. ಅವರ ತೋಳಿನ ಲೆಕ್ಕಾನೇ ನಿಮಗೂ ಆಗುತ್ತೆ."

ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಕಂಪ್ಯೂಟರಿಗೆ ಒಂದು ತೋಳು ಸಾಕು.

ಮುನಿಗಂಗಮ್ಮ ಚಾಚಿದ ತೋಳನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಎಲ್ಲಾಗುತ್ತಪ್ಪ? ಅವಳ ತೋಳು ಒತ್ತೋಕೆ ಮಗಳಿದ್ದಾಳೆ" ಎಂದಳು.