ಬಾಗಲಿಗೆ ನಾ ಕಟ್ಟಿದ ಒಡ್ಡು

ನಮ್ಮ ಮನಿ ಮುಳುಗಿಸಿದ್ದು ಮಳಿ ಅಲ್ರಿ, ನಾನೇ. ಮೊದಲೇ ಒಪ್ಕೊಂಡ್ಬಿಡ್ತೀನಿ.

ಕಲಬುರ್ಗಿ ಸೂಪರ್ ಮಾರ್ಕೆಟ್ ಹಿಂದಿನ ನಮ್ಮ ಗಲ್ಲಿ ತಗ್ಗಿನಾಗಿತ್ತು. ತೊಂಬತ್ತರ ಆಸುಪಾಸಿನ ಮಾತು. ಜೋರು ಮಳಿ ಬಂದ್ರ ಗಟಾರದ ನೀರು ಸೀದಾ ಮನಿಯೊಳಗ. ಇದಕ್ಕ ಕಾರಣ ಏನು ಅಂದ್ರ ಮನಿಗೊಂದು ಮಾತು. ಡಾಂಬರ್ ಮ್ಯಾಲ ಡಾಂಬರ್ ಹಾಕಿ ರೋಡು ಎತ್ತರ ಮಾಡ್ಯಾರ ಅಂತ ಟೇಲರ್ ಕಾಕಾ. ಎಲ್ಲಾರೂ ಗಟಾರದ ಮ್ಯಾಲ ಫರ್ಸಿ ಕಲ್ಲು ಮುಚ್ಚಿದ್ರ ಕಸ ತೆಗೆಯೋದು ಹ್ಯಾಂಗ ಅಂತ ಎದುರಮನಿ ಖಾಲಾ. ಆಕಿ ತನ್ನ ಫರ್ಸಿ ತಾನೇ ಎತ್ತಿ ಕಸ ಬಳೀತಿದ್ದಳು. ನಾನು ಡಿಪ್ಲೊಮಾದಾಗ ಎರಡು ಸಲ ಫೇಲಾದ ಇಂಜಿನಿಯರು. ಇವರ ಮಾತು ನನಗ್ಯಾಕ?

ಕಮಲಾಪುರದ ಮಾಮಾ ವರ್ಷಕ್ಕಾಗೋ ಜ್ವಾಳದ ಚೀಲ ತಂದು ಪಡಸಾಲ್ಯಾಗ ಇಟ್ಟಿದ್ದ.

"ಇದು ತೊಯ್ದ್ರ ವರ್ಷಪೂರ್ತಿ ನಿನ್ನ ಇಂಜಿನಿಯರಿಂಗೇ ತಿನ್ನಬೇಕು," ಅಂದಳು ಅವ್ವ.

ಅವತ್ತೇ ಬಾಗಲಿಗೆ ಇಟ್ಟಂಗಿ, ಸಿಮೆಂಟ್ ಹಚ್ಚಿ ಮೊಣಕಾಲಷ್ಟು ಒಡ್ಡು ಕಟ್ಟಿದೆ. ಹೊಸ್ತಿಲ ಬಾಜೂ ಒಂದು ತೂತಿತ್ತು. ಅದನ್ನೂ ಮೆತ್ತಿದೆ.

ಮಳಿ ಬಂತು. ನಾನು ಛತ್ರಿ ಹಿಡ್ಕೊಂಡು ಒಡ್ಡಿನ ಮ್ಯಾಲ ನಿಂತೆ, ಡ್ಯಾಮ್ ಉದ್ಘಾಟನೆಗೆ ಬಂದ ಮಂತ್ರಿಹಂಗ.

"ನೋಡ್ರಿ ಖಾಲಾ, ರೋಡಿನ ನೀರು ಒಂದು ಹನಿ ಒಳಗ ಹೋಗಿಲ್ಲ."

ಖಾಲಾ ನನ್ನ ಹಿಂದ ನೋಡಿದಳು. "ಒಳಗಿನ ನೀರು ಎಲ್ಲಿ ಹೋಗ್ಬೇಕು ಬೇಟಾ?"

ಹೊಳ್ಳಿ ನೋಡಿದೆ. ಮಾಳಗಿ ಮ್ಯಾಲಿನ ನೀರು ಪೂರಾ ನಮ್ಮ ಅಂಗಳಕ್ಕ ಬೀಳ್ತದ, ಆ ತೂತಿನಿಂದನೇ ಹೊರಗ ಹೋಗ್ತದ. ನಾ ಹುಟ್ಟಿದಾಗಿಂದ ನೋಡೀನಿ. ಈಗ ಅಂಗಳ ತುಂಬಿ, ನನ್ನ ಚಪ್ಪಲಿ ತೇಲ್ಕೋತ ಜ್ವಾಳದ ಕಡೆ ಹೊಂಟಿತ್ತು. ಅವ್ವ ಒಬ್ಬಾಕಿನೇ ಚೀಲ ಎಳಿಯಾಕತ್ತಿದ್ದಳು. ಖಾಲಾ ಸೀರಿ ಎತ್ತಿಕಟ್ಟಿ, ನನ್ನ ಡ್ಯಾಮ್ ದಾಟಿ ಬಂದಳು. ಮೂರೂ ಮಂದಿ ಸೇರಿ ಚೀಲ ಮಂಚದ ಮ್ಯಾಲ ಹಾಕಿದ್ವಿ. ಆಮ್ಯಾಲ ಪಡಸಾಲಿಗೆ ನೀರು ಬಂತು, ಜ್ವಾಳ ತೊಯ್ಯಲಿಲ್ಲ.

ರೋಡಿನ ನೀರು ಇಳಿದ ಮ್ಯಾಲ ಹಾರಿ ತಗೊಂಡು ತೂತು ಬಿಚ್ಚಿದೆ. ಮೆತ್ತಾಕ ಒಂದು ತಾಸು ಹಿಡಿದಿತ್ತು, ಬಿಚ್ಚಾಕ ಮೂರು. ನನ್ನ ಕೆಲಸ ಅಷ್ಟು ಗಟ್ಟಿ.

ಸುದ್ದಿ ಕೇಳಿ ಬಂದ ಮಾಮಾ ಹೊಟ್ಟಿ ಹಿಡ್ಕೊಂಡು ನಕ್ಕ. "ಹೊಲದ ಒಡ್ಡಿಗೂ ನೀರು ಹೋಗಾಕ ಕಲ್ಲಿನ ದಾರಿ ಬಿಡ್ತೀವಲೇ. ಕಾಲೇಜಿನಾಗ ಇದೂ ಹೇಳಿಲ್ಲೇನು?"

ಅಂದಿನಿಂದ ಮಳಿಗಾಲದಾಗ ಐತವಾರಕ್ಕೊಮ್ಮೆ ಖಾಲಾನ ಜೋಡಿ ಫರ್ಸಿ ಎತ್ತಿ ಗಟಾರ ಬಳಿಯೋದು ನನ್ನ ಡ್ಯೂಟಿ ಆತು. ಬಾಯಿ ಮಾಡ್ಕೋತ ಟೇಲರ್ ಕಾಕಾನೂ ಬಂದ. ನೀರು ಹರಿಯಾಕತ್ತಿತು.

ಉಳಿದ ಒಡ್ಡು ಒಡಿಯಾಕ ನಾನು ಮತ್ತ ಹಾರಿ ಎತ್ತಿದಾಗ ಖಾಲಾ ತಡದಳು. "ಇರಲಿ ಬಿಡು ಬೇಟಾ, ಸಂಜೀಕ ನಾನೂ ನಿಮ್ಮವ್ವನೂ ಚಾ ಕುಡಿಯಾಕ ಇದರ ಮ್ಯಾಲ ಕುಂದರ್ತೀವಿ. ನೀ ಕಟ್ಟಿದ್ದು ಒಂದಾದ್ರೂ ಕೆಲಸಕ್ಕ ಬರ್ಲಿ."