ಪರಿಮಳದ ಹಾಸು

ನನ್ನ ಅತ್ತೆ ವಿಸಿಟ್ ವೀಸಾದಲ್ಲಿ ಕುವೈತಿನ ಸಾಲ್ಮಿಯಾದ ನಮ್ಮ ಫ್ಲ್ಯಾಟಿಗೆ ಬಂದ ದಿನ, ಅವರು ಚಪ್ಪಲಿ ಬಿಚ್ಚುವ ಮೊದಲೇ ನಾನು ಹೇಳಬೇಕಾದ ಮಾತೊಂದಿತ್ತು. ಧೈರ್ಯ ಸಾಲಲಿಲ್ಲ. ಅವರು ಕೈಕಾಲು ತೊಳೆದು, ಚಹಾ ಕುಡಿದು, ಮೊಮ್ಮಗಳ ಕೋಣೆ ನೋಡುತ್ತೇನೆಂದು ಎದ್ದರು. ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಕಿತ್ತಳೆ ಬಣ್ಣದ ಹಾವೊಂದು ಸುರುಳಿ ಸುತ್ತಿ ಮಲಗಿತ್ತು.

ಮಗಳ ಗೆಳತಿಯ ಮನೆಯವರು ಕುವೈತ್ ಬಿಟ್ಟು ಹೋಗುವಾಗ ಇವಳ ಕೈಗೆ ಕೊಟ್ಟುಹೋದ ಹಾವು ಅದು. ಕಾರ್ನ್ ಸ್ನೇಕ್ ಎಂದು ಹೆಸರು, ವಿಷವಿಲ್ಲ. ಶಾಲೆಯಿಂದ ಬಂದವಳು ನನಗಿಂತ ಮೊದಲು ಅದನ್ನು ಮಾತಾಡಿಸುತ್ತಿದ್ದಳು. ಅತ್ತೆ ಕಿರುಚಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಅವರು ಸೆರಗು ಹೊದ್ದು ಕೈಮುಗಿದರು. ಆಮೇಲೆ ಹಾವಿನ ಕೆಳಗೆ ಹಾಸಿದ್ದನ್ನು ನೋಡಿ ನನ್ನ ಕಡೆ ತಿರುಗಿದರು.

“ನಾಗನನ್ನು ಪೇಪರಿನ ಮೇಲೆ ಮಲಗಿಸುದಾ? ಅಕ್ಷರ ಉಂಟಲ್ಲ ಮಾರಾಯ್ತಿ ಅದರಲ್ಲಿ. ಸರಸ್ವತಿಯ ಮೇಲೆ ಹೇಲು ಮಾಡಿಸ್ತೀರಾ?”

ನಾನು ಕೆಲಸ ಮಾಡುವ ಕ್ಲಿನಿಕ್ಕಿನಿಂದ ತಂದ ಹಳೆಯ ಇಂಗ್ಲಿಷ್ ಪೇಪರ್ ಅದು. ಬದಲಿಸಲು ಸುಲಭ, ಹಾವಿಗೂ ಹಿತ. ಆದರೆ ಕರಾವಳಿಯವರ ಎದುರು ಈ ವಾದ ನಡೆಯುವುದಿಲ್ಲ. ನಮ್ಮ ಕಡೆ ನಾಗನ ಬನದ ಒಂದು ಕಡ್ಡಿಯನ್ನೂ ಮುರಿಯುವಂತಿಲ್ಲ. ದಾರಿಯಲ್ಲಿ ಸತ್ತ ನಾಗರಹಾವು ಕಂಡರೆ ಮನುಷ್ಯರಿಗೆ ಮಾಡಿದಂತೆ ಸಂಸ್ಕಾರ ಮಾಡಿಸುತ್ತಾರೆ. ಇದಕ್ಕೆ ಹೆಡೆಯೇ ಇಲ್ಲ ಎಂದು ನಾನು ಹೇಳಿ ನೋಡಿದೆ.

“ಹೆಡೆ ಇಲ್ಲದಿದ್ರೆ ಎಂತ? ಮನೆಯೊಳಗೆ ಬಂದಾಯ್ತಲ್ಲ. ಇನ್ನು ಇಲ್ಲೇ ಅದಕ್ಕೆ ಏನಾದ್ರೂ ಆದ್ರೆ ದೋಷ ಮಗುವಿನ ತಲೆಗೆ” ಎಂದರು ಅತ್ತೆ.

ಆ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತು. ನಾನೂ ಅದೇ ಮಣ್ಣಿನವಳು. ನಂಬುವುದಿಲ್ಲ ಎಂದು ಬಾಯಲ್ಲಿ ಹೇಳಬಹುದು, ಮಗಳ ಹೆಸರು ಬಂದಾಗ ಕರುಳು ಕೇಳುವುದಿಲ್ಲ. ಅಂದಿನಿಂದ ನನಗೆ ಹಾವಿನ ಭಯ ಹೋಗಿ ಹಾವು ಸತ್ತರೆ ಎಂಬ ಭಯ ಹಿಡಿಯಿತು. ಫ್ರೀಜರಿನಲ್ಲಿ ಅದರ ಊಟಕ್ಕೆಂದು ಇಲಿಗಳಿರುವ ವಿಷಯವನ್ನು ಮಾತ್ರ ಅತ್ತೆಗೆ ಹೇಳಲೇ ಇಲ್ಲ.

ಪೇಪರ್ ಎಲ್ಲ ಕಸಕ್ಕೆ ಹೋಯಿತು. ಈಗ ಏನು ಹಾಸುವುದು? ಮರಳು ಹಾಕೋಣ, ಇಲ್ಲಿ ಮರಳಿಗೇನು ಬರವೇ, ಎಂದರು ನನ್ನ ಗಂಡ. ಅದು ಊಟದ ಜೊತೆ ಹೊಟ್ಟೆಗೆ ಹೋಗಿ ಗಟ್ಟಿಯಾಗುತ್ತದೆ ಎಂದು ಮಗಳು ಬಿಡಲಿಲ್ಲ. ಅಂಗಡಿಯಲ್ಲಿ ಇಟ್ಟಿಗೆಯಂತೆ ಒತ್ತಿದ ತೆಂಗಿನ ನಾರು ಸಿಗುತ್ತದೆ ಎಂದಳು. ಒಲೆಗೆ ಹಾಕುವುದನ್ನು ನಾಗನಿಗೆ ಹಾಸುತ್ತಾರಾ ಎಂದು ಅತ್ತೆ ಮುಖ ತಿರುಗಿಸಿದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಗಾದೆಯನ್ನು ಅಷ್ಟು ಅಕ್ಷರಶಃ ಬದುಕಿದ ಸೊಸೆ ನಾನೊಬ್ಬಳೇ ಇರಬೇಕು.

ಕೊನೆಗೆ ಗಂಡ ಅರ್ದಿಯಾದಲ್ಲಿ ಮರಗೆಲಸದ ಗೋದಾಮು ಇಟ್ಟಿರುವ ಗೆಳೆಯನ ಹತ್ತಿರ ಹೋಗಿ ಒಂದು ಚೀಲ ಮರ ಹೆರೆದ ಹೊಟ್ಟು ತಂದರು. ನಸುಗೆಂಪು ಬಣ್ಣ, ಸುರುಳಿ ಸುರುಳಿ. ಚೀಲ ಬಿಚ್ಚಿದ ಕೂಡಲೇ ಹಾಲ್ ತುಂಬ ಘಮ್ಮೆಂದಿತು. ಅತ್ತೆಯ ಮುಖ ಅರಳಿದ್ದು ಆಗಲೇ.

“ನಾಗನಿಗೆ ಪರಿಮಳ ಅಂದ್ರೆ ಪ್ರಾಣ. ಕೇದಗೆಯ ಬುಡಕ್ಕೆ ಅವನು ಸುಮ್ಮನೆ ಬರುದಾ?” ಎಂದು ತಾವೇ ಬೊಗಸೆ ತುಂಬ ಎತ್ತಿ ಹಾಸಿದರು.

“ಅಜ್ಜಿ, ಫಸ್ಟ್ ಚೆಕ್ ಮಾಡೋಣ, ಪ್ಲೀಸ್. ಎಲ್ಲಾ ವುಡ್ ಸೇಫ್ ಅಲ್ಲ” ಎಂದಳು ಮಗಳು. ಮನೆಯಲ್ಲಿ ಜಗಳ ಮುಗಿಯಿತಲ್ಲ ಎಂಬ ಸಮಾಧಾನದಲ್ಲಿ ಯಾರೂ ಅವಳ ಮಾತಿಗೆ ಕಿವಿಗೊಡಲಿಲ್ಲ.

ಕೆಲವು ದಿನಗಳಲ್ಲಿ ಧೂಳಿನ ಬಿರುಗಾಳಿ ಬಂತು. ಬೆಳಗ್ಗೆಯೇ ಆಕಾಶ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಶಾಲೆಗೆ ರಜೆ ಕೊಟ್ಟರು, ನಮ್ಮ ಕ್ಲಿನಿಕ್ಕೂ ತೆರೆಯಲಿಲ್ಲ. ಗಂಡ ಶುಐಬಾದ ಪ್ಲಾಂಟಿನಲ್ಲಿ ಡ್ಯೂಟಿಯಲ್ಲಿದ್ದರು. ನಾನೂ ಅತ್ತೆಯೂ ಬಾಗಿಲ ಸಂದಿಗೆ ಒದ್ದೆ ಟವೆಲ್ ಇಟ್ಟೆವು. ಅಡುಗೆಮನೆಯ ಟಿಶ್ಯೂ ರೋಲನ್ನೆಲ್ಲ ನೆನೆಸಿ ಕಿಟಕಿಗಳ ಸಂದಿಗೆ ತುರುಕಿ ಮುಗಿಸಿದೆವು. ಅಷ್ಟರಲ್ಲಿ ಮಗಳು ಕರೆದಳು.

ಹಾವು ತಲೆಯನ್ನು ನೇರ ಮೇಲಕ್ಕೆತ್ತಿ ಬಾಯಿ ತೆರೆದುಕೊಂಡಿತ್ತು. ಒಳಗೆ ನೊರೆ. ಉಸಿರೆಳೆದಾಗ ಸಣ್ಣಗೆ ಸೀಟಿಯಂಥ ಸದ್ದು. ಹಾವು ಹಾಗೆ ಬಾಯಿ ತೆರೆದುಕೊಂಡೇ ಇರುವುದನ್ನು ನಾನು ನೋಡಿರಲಿಲ್ಲ.

“ಕೋಪ ಬಂದಿದೆ” ಎಂದರು ಅತ್ತೆ ಪಿಸುಗುಟ್ಟಿ. ದೇವರ ಗೂಡಿನಿಂದ ಊದುಬತ್ತಿ ತಂದು ಹಚ್ಚಿಯೇಬಿಟ್ಟರು. ಹೊಗೆ ಪೆಟ್ಟಿಗೆಯತ್ತ ಹೋಯಿತು. ಹಾವು ಇನ್ನಷ್ಟು ಬಾಯಿ ತೆರೆಯಿತು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಊದುಬತ್ತಿ ಕಸಿದು ಸಿಂಕಿನಲ್ಲಿ ಅದ್ದಿದೆ. ಮದುವೆಯಾದಂದಿನಿಂದ ಅತ್ತೆಯ ಎದುರು ಎತ್ತಿರದ ದನಿ ಅಂದು ಎದ್ದಿತು.

“ಅತ್ತೆ, ಅದು ದೇವರಲ್ಲ, ಪ್ರಾಣಿ. ಅದಕ್ಕೆ ಕೋಪ ಬಂದದ್ದಲ್ಲ, ಉಸಿರು ಕಟ್ತಾ ಉಂಟು.”

ಅವರು ಗೋಡೆಗೆ ಒರಗಿ ನಿಂತುಬಿಟ್ಟರು. ಗಂಡನಿಗೆ ಫೋನ್ ಮಾಡಿದರೆ, “ಎದುರಿನ ಗಾಡಿಯೇ ಕಾಣುದಿಲ್ಲ, ಹೇಗೆ ಬರುದು ಹೇಳು?” ಎಂದರು. ಪ್ರಾಣಿಗಳ ಡಾಕ್ಟರ್ ಒಬ್ಬರ ನಂಬರನ್ನು ಮಗಳು ಹುಡುಕಿದಳು. ಅವರು ಕೇಳಿದ ಮೊದಲ ಪ್ರಶ್ನೆಯೇ ಕೆಳಗೆ ಏನು ಹಾಸಿದ್ದೀರಿ ಎಂದು. ಒಳ್ಳೆಯ ಪರಿಮಳದ ಮರದ ಹೊಟ್ಟು ಎಂದೆ. ಆ ಪರಿಮಳವೇ ಅದಕ್ಕೆ ವಿಷ ಎಂದರು. ಮರದ ಎಣ್ಣೆ ಬಿಸಿ ಪೆಟ್ಟಿಗೆಯಲ್ಲಿ ಆವಿಯಾಗಿ ಎದೆಗೆ ಹೋಗುತ್ತದೆ. ಈ ಹಾವಿಗೆ ಸರಿಯಾಗಿ ಕೆಲಸ ಮಾಡುವ ಶ್ವಾಸಕೋಶ ಒಂದೇ. ಎಲ್ಲ ತೆಗೆಯಿರಿ, ತೊಳೆಯಿರಿ, ಬೆಚ್ಚಗಿಡಿ, ಬರೀ ಕಾಗದ ಹಾಸಿ, ಧೂಳು ಇಳಿದ ಕೂಡಲೇ ತನ್ನಿ ಎಂದರು. ಉಳಿಯುತ್ತದಾ ಎಂದು ಕೇಳಿದ್ದಕ್ಕೆ, ಮೊದಲು ಆ ಹೊಟ್ಟು ಹೊರಗೆ ಹಾಕಿ ಎಂದು ಫೋನ್ ಇಟ್ಟರು.

ಹಾವನ್ನು ಮಗಳು ತನ್ನ ತೋಳಿಗೆ ಸುತ್ತಿಕೊಂಡಳು. ನಾನು ಹೊಟ್ಟು ಬಾಚಿ, ಪೆಟ್ಟಿಗೆ ಉಜ್ಜಿ ತೊಳೆದು ಒರೆಸಿದೆ. ಹಾಸಲು ಕಾಗದ ಬೇಕಲ್ಲ? ಟಿಶ್ಯೂ ಎಲ್ಲ ಕಿಟಕಿಯಲ್ಲಿ ಕೆಸರಾಗಿತ್ತು. ಪೇಪರನ್ನು ನಾವೇ ಎಸೆದಿದ್ದೆವು. ಮಗಳು ಅಳುತ್ತಲೇ ಒಂದು ಕೈಯಲ್ಲಿ ತನ್ನ ಹಳೆಯ ನೋಟ್‌ಬುಕ್ಕಿನ ಹಾಳೆ ಹರಿಯತೊಡಗಿದಳು.

ಅತ್ತೆ ಬಂದು ಅವಳ ಕೈ ಹಿಡಿದರು. “ಪುಸ್ತಕ ಹರಿಬೇಡ ಮಗಾ.”

ಇನ್ನೊಂದು ಜಗಳಕ್ಕೆ ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ತಮ್ಮ ಕೋಣೆಗೆ ಹೋದರು. ತಿರುಗಿ ಬಂದಾಗ ಕೈಯಲ್ಲಿ ಊರಿನ ಕನ್ನಡ ಪೇಪರ್ ಇತ್ತು. ಹಲಸಿನ ಹಪ್ಪಳಕ್ಕೆ ಸುತ್ತಿ ತಂದಿದ್ದು. ಅದನ್ನು ಇಸ್ತ್ರಿ ಮಾಡಿದಂತೆ ಸವರಿ ಇಟ್ಟುಕೊಂಡು ದಿನಾ ಊಟವಾದ ಮೇಲೆ ಓದಿದ್ದನ್ನೇ ಓದುತ್ತಿದ್ದರು. ದೇವರ ಚಿತ್ರವಿದ್ದ ಒಂದು ಹಾಳೆಯನ್ನು ಬೇರೆ ಮಾಡಿ ಕಣ್ಣಿಗೊತ್ತಿಕೊಂಡು ಮೇಜಿನ ಮೇಲಿಟ್ಟರು. ಉಳಿದದ್ದರಲ್ಲಿ ಎರಡು ಹಾಳೆಗಳನ್ನು ತಾವೇ ಪೆಟ್ಟಿಗೆಯೊಳಗೆ ಹಾಸಿ, ಮೂಲೆಗಳನ್ನು ಒತ್ತಿ ಕೂರಿಸಿದರು.

ಅಂದು ಅವರು ಊಟ ಮಾಡಲಿಲ್ಲ. ನಾನು ಕರೆಯಲೂ ಇಲ್ಲ. ಮೂವರೂ ಪೆಟ್ಟಿಗೆಯ ಮುಂದೆ ಕೂತು ಆ ಸೀಟಿಯ ಸದ್ದನ್ನೇ ಕೇಳುತ್ತಿದ್ದೆವು. ಸದ್ದು ನಿಂತರೂ ಭಯ, ನಿಲ್ಲದಿದ್ದರೂ ಭಯ. ಸಂಜೆಗೆ ಹಾವು ಬಾಯಿ ಮುಚ್ಚಿತು. ಮರುದಿನ ಧೂಳು ಇಳಿದ ಮೇಲೆ ಅದನ್ನು ದಿಂಬಿನ ಕವರಿನಲ್ಲಿಟ್ಟು ಡಾಕ್ಟರ ಹತ್ತಿರ ಒಯ್ದೆವು. ಇಂಜೆಕ್ಷನ್ ಕೊಟ್ಟು, ಕಾದು ನೋಡಿ ಎಂದರು. ಕಾದೆವು. ಅತ್ತೆಯೂ ನಾನೂ ಉಪ್ಪು, ಸಾರು ಎಂಬಷ್ಟೇ ಮಾತಾಡಿಕೊಂಡು ದಿನ ಕಳೆದೆವು.

ಕೊನೆಗೊಂದು ದಿನ ಹಾವು ತಿಂದಿತು. ಮತ್ತೆ ಒಂದೆರಡು ದಿನ ಬಿಟ್ಟು ಬೆಳಗ್ಗೆ ನೋಡಿದರೆ ಅತ್ತೆಯ ಪೇಪರಿನ ನಟ್ಟನಡುವೆ, ದಪ್ಪ ಅಕ್ಷರದ ತಲೆಬರಹದ ಮೇಲೆಯೇ, ಧಾರಾಳವಾಗಿ ಮಲ ಹಾಕಿತ್ತು. ಮಗಳು ಹೆದರಿ ಅಜ್ಜಿಯ ಮುಖ ನೋಡಿದಳು. ನಾನು ನೋಡುವ ಧೈರ್ಯ ಮಾಡಲಿಲ್ಲ.

ಅತ್ತೆ ಮೂಗಿಗೆ ಸೆರಗು ಹಿಡಿದು ಬಗ್ಗಿ, ಆ ಹಾಳೆಯನ್ನು ಜೋಪಾನವಾಗಿ ಮಡಚಿ ತೆಗೆದರು. ಇನ್ನೊಂದನ್ನು ಹಾಸುತ್ತಾ ನನ್ನ ಕಡೆ ನೋಡದೆ ಹೇಳಿದರು: “ಸರಸ್ವತಿ ತಪ್ಪು ತಿಳ್ಕೊಳ್ಳುದಿಲ್ಲ ಬಿಡು. ಪ್ರಾಣಿ ಅಲ್ವಾ ಪಾಪ, ಅದಕ್ಕೆ ಓದ್ಲಿಕ್ಕೆ ಬರ್ತದಾ?”